ಎಡಗಡೆಯ ಕೊಂಬೆ

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಹೆಂಗಸು ನಮ್ಮ ಗೇಟು ಹಿಡಿದು ನಿಂತಿದ್ದಳು. ಬೀದಿಯ ಮರಗಳ ಕೊಂಬೆ ಸವರುವ ಮರದವನ ಹೆಂಡತಿ. ಒಳಗೆ ಬಾ ಎಂದರೂ ಬರಲಿಲ್ಲ.

"ಅಮ್ಮಾ, ನಮ್ಮೆಜಮಾನ್ರನ್ನ ಪೊಲೀಸ್ನೋರು ಕರ್ಕೊಂಡು ಹೋದ್ರು. ಈ ಬೀದಿ ಪ್ರೊಫೆಸರ್ ಮೇಲೆ ಕೊಂಬೆ ಕೆಡವಿ ಸಾಯ್ಸಿ ಓಡ್ಹೋದ ಅಂತಾರೆ. ಇವ್ರು ಎಂಟು ಗಂಟೆ ತನಕ ಮನೇಲೇ ಮಲಗಿದ್ರು. ಹೆಂಡ್ತಿ ಮಾತು ಯಾರು ಕೇಳ್ತಾರೆ?"

"ಅವರೇನು ಹೇಳಿದ್ರಂತೆ?" ಎಂದರು ಅತ್ತಿಗೆ.

"ಅದೇ ಕಷ್ಟ. ಎಡಗಡೆ ಕೊಂಬೆ ಅರ್ಧ ಕೊಯ್ದಿದ್ದು ನೀನೇನಾ ಅಂದ್ರಂತೆ. ಹೌದು ಸಾರ್, ನಾನೇ ಅಂದ್ಬಿಟ್ರಂತೆ. ಸುಳ್ಳು ಹೇಳಕ್ಕೆ ಬಂದಿದ್ರೆ ಇಷ್ಟೊತ್ತಿಗೆ ನಮಗೆ ಒಂದು ಸ್ವಂತ ಏಣಿನಾದ್ರೂ ಇರ್ತಿತ್ತು."

ಅತ್ತಿಗೆ ಚಪ್ಪಲಿ ಮೆಟ್ಟಿದರು. ನಾನು ನೋಟ್‌ಪುಸ್ತಕ ತೆಗೆದುಕೊಂಡೆ.

ಅಣ್ಣ ತೀರಿಕೊಂಡ ಮೇಲೆ ನಾನು ಅತ್ತಿಗೆಯ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಅತ್ತಿಗೆ ಮೂವತ್ತು ವರ್ಷ ಒಂದು ಪ್ರಯೋಗಶಾಲೆಯಲ್ಲಿ ಮುರಿದ ವಸ್ತುಗಳನ್ನು ಪರೀಕ್ಷಿಸಿದವರು. ತುಂಡಾದ ಅಚ್ಚು, ಹರಿದ ತಂತಿ, ಸೀಳಿದ ಕೊಳವೆ. ಯಾವುದು ತಾನಾಗಿ ಮುರಿಯಿತು, ಯಾವುದನ್ನು ಮುರಿದರು ಎಂದು ಹೇಳುವುದು ಅವರ ಕೆಲಸವಾಗಿತ್ತು. ಈಗ ಬಡಾವಣೆಯವರು ತಮ್ಮ ಮುರುಕುಗಳನ್ನೆಲ್ಲ ಅವರ ಬಳಿಗೇ ತರುತ್ತಾರೆ. ಇನ್ಸ್‌ಪೆಕ್ಟರ್ ಕೂಡ ಎರಡು ಸಲ ಬಂದು ಹೋಗಿದ್ದರು.

ಪೇಟೆಯ ಮುಖ್ಯರಸ್ತೆಯಿಂದ ನಮ್ಮ ಬೀದಿಗೆ ತಿರುಗಿದರೆ ರೇಡಿಯೊ ಆರಿಸಿದ ಹಾಗೆ ಸದ್ದು ನಿಂತುಬಿಡುತ್ತದೆ. ಎರಡೂ ಬದಿಯ ಮರಗಳು ಮೇಲೆ ಒಂದಾಗಿವೆ. ಹೊರಗಿನಿಂದ ಬಂದವರು ತಲೆಯೆತ್ತಿ ನೋಡಿ ಹೊಗಳುತ್ತಾರೆ. ನಾವು ನೋಡುವುದಿಲ್ಲ. ನೆರಳು ಇದ್ದೇ ಇರುತ್ತದೆ ಎಂದುಕೊಂಡವರಿಗೆ ನೋಡುವ ಅಗತ್ಯ ಕಾಣುವುದಿಲ್ಲ.

ಪ್ರೊಫೆಸರರ ಅಂಗಳದ ನಡುವೆ ಅವರ ತಂದೆ ನೆಟ್ಟ ದೊಡ್ಡ ಮರವಿತ್ತು. ಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಎಡಕ್ಕೊಂದು, ಬಲಕ್ಕೊಂದು ಭಾರಿ ಕೊಂಬೆ. ಎಡಗಡೆಯದು ನೆಲಕ್ಕೆ ಬಿದ್ದಿತ್ತು. ಅದರಡಿ ಪ್ರೊಫೆಸರರು ಬೋರಲಾಗಿ ಬಿದ್ದಿದ್ದರು, ತಲೆಯ ಹಿಂಭಾಗ ಒಡೆದಿತ್ತು. ಶವ ಒಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ.

"ನೇರ ಕೇಸು, ಮೇಡಂ," ಎಂದರು ಇನ್ಸ್‌ಪೆಕ್ಟರ್. "ಆರೂವರೆಗೆ ಗರಗಸದ ಸದ್ದು ಕೇಳಿದೆ. ನಿನ್ನೆ ಉಳಿಸಿ ಹೋದ ಕೆಲಸ ಮುಗಿಸೋಕೆ ಬಂದಿದ್ದಾನೆ, ಕೆಳಗೆ ನೋಡಿಲ್ಲ."

ಅತ್ತಿಗೆ ಶವದ ಪಕ್ಕ ಮಂಡಿಯೂರಿದರು. "ಏನು ಕಾಣ್ತಿದೆ, ಬರ್ಕೋ," ಎಂದರು ನನಗೆ. ಅಂಗಿಯ ಬೆನ್ನಿನ ತುಂಬ ಮರದ ಹೊಟ್ಟು ಜರಡಿ ಹಿಡಿದಂತೆ ಸಮವಾಗಿ ಹರಡಿತ್ತು. ಕೂದಲಿನ ರಕ್ತದ ಮೇಲೂ ಇತ್ತು. ಗಾಡಿ ಬಂದು ಶವವನ್ನು ಎತ್ತಿದಾಗ ಅದರಡಿಯ ನೆಲದಲ್ಲಿ ಒಂದು ಚಿಟಿಕೆ ಹೊಟ್ಟೂ ಇರಲಿಲ್ಲ. ಬರೆದುಕೊಂಡೆ.

ಬಳಿಕ ಅವರು ಮರದ ಕಡೆ ತಿರುಗಿದರು. ಬುಡದಲ್ಲಿ ಆ ಮನೆಯ ಏಣಿ, ಮರದವನ ಗರಗಸ, ಅವನು ಹಗ್ಗ ಕಟ್ಟುವ ಕಬ್ಬಿಣದ ಗೂಟ ಬಿದ್ದಿದ್ದವು. ಕೊಂಬೆ ಕಳಚಿದ ಕಡೆ ಮೊಳದುದ್ದದ ಸಿಪ್ಪೆ ಚರ್ಮ ಸುಲಿದಂತೆ ಕೆಳಕ್ಕೆ ಹರಿದುಬಂದಿತ್ತು. "ಹಳೇ ಗಾಯಗಳನ್ನ ನೋಡು. ಹನ್ನೆರಡಿವೆ. ಒಂದ್ರಲ್ಲೂ ಸಿಪ್ಪೆ ಹರಿದಿಲ್ಲ."

ಪ್ರೊಫೆಸರರ ತಂಗಿ ಜಗುಲಿಯ ಮೇಲೆ ಕುಳಿತಿದ್ದರು. ಮದುವೆಯಾಗದೆ ಅಣ್ಣನ ಮನೆ ನಡೆಸಿದವರು. "ಸ್ನಾನ ಮಾಡ್ತಿದ್ದೆ. ಸದ್ದು ಕೇಳಿ, ಮರದವನು ಇಷ್ಟು ಬೇಗ ಬಂದ್ನಾ ಅಂದ್ಕೊಂಡೆ. ಏಳಕ್ಕೆ ಹೊರಗೆ ಬಂದ್ರೆ..." ಬಿದ್ದ ಕೊಂಬೆಯಡಿ ಒಂದು ಬಟ್ಟೆಹಗ್ಗ ನಜ್ಜುಗುಜ್ಜಾಗಿತ್ತು. ಅದನ್ನು ತೋರಿಸಿದರು. "ಅವನ ಮಾತು ನಂಬಿ ನಿನ್ನೆ ಸಂಜೆ ಹಗ್ಗಾನ ಈ ಕಡೆಗೆ ತಂದು ಕಟ್ಟಿದ್ದೆ. ಇದರ ಮೇಲೇ ಬಿತ್ತು. ಹಾಳಾದವನು, ಹೇಳೋದೊಂದು ಮಾಡೋದೊಂದು."

ಮಹಡಿಯಲ್ಲಿ ಬಾಡಿಗೆಗಿದ್ದ ದಂತವೈದ್ಯೆ, "ನಾನು ಏಳೂವರೆ ತನಕ ಎದ್ದೇ ಇರಲಿಲ್ಲ," ಎಂದಳು. "ನಿನ್ನೆ ಮಾತ್ರ ಅವನನ್ನ ನೋಡಿದ್ದೆ. ನನ್ನ ಬಾಲ್ಕನಿ ಪಕ್ಕಾನೇ ಕೂತು ಕೊಯ್ತಿದ್ದ. ಕುಡಿಯಕ್ಕೆ ನೀರು ಕೊಟ್ಟೆ." ಅವಳ ಬಾಲ್ಕನಿ ಮನೆಯ ಬಲಬದಿಗಿತ್ತು.

ಎರಡು ಬೀದಿಯಾಚೆ ಇದ್ದ ಸೋದರಳಿಯ ಸುದ್ದಿ ತಿಳಿದು ಓಡಿಬಂದಿದ್ದ. ತೀರಿಕೊಂಡ ಅಕ್ಕನ ಮಗ, ಪ್ರೊಫೆಸರರ ಕೈಕೆಳಗೇ ಓದಿ ಅಧ್ಯಾಪಕನಾದವನು. ಅಂಗೈಗೆ ಪಟ್ಟಿ ಸುತ್ತಿತ್ತು. "ಇಸ್ತ್ರಿಪೆಟ್ಟಿಗೆ ತಾಗ್ತು," ಎಂದ. "ತಪ್ಪು ನನ್ನದೇ, ಮೇಡಂ. ಮರದವನನ್ನ ಗೊತ್ತು ಮಾಡಿದ್ದು ನಾನು. ನಿನ್ನೆ ಸಂಜೆ ಫೋನಲ್ಲಿ, ಸಾರ್, ಎಡಗಡೇದು ಅರ್ಧ ಕೊಯ್ದಿದ್ದೀನಿ, ಅದರಡಿ ಯಾರೂ ನಿಲ್ಲಬೇಡಿ ಅಂದ. ಮಾವನಿಗೆ ಹೇಳೋಕೆ ಮರೆತೆ." ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದದ್ದೇ ಎಂದು ಇಂದಿಗೂ ನನ್ನ ನಂಬಿಕೆ.

ಓದುವ ಕೋಣೆಯಲ್ಲಿ ತಂಗಿ ಒಂದು ಹಾಳೆ ತೋರಿಸಿದರು. "ನಿನ್ನೆಯೆಲ್ಲ ಇದನ್ನೇ ನೋಡ್ತಾ ಕೂತಿದ್ದ ಅಣ್ಣ. ಊಟಕ್ಕೂ ಏಳಲಿಲ್ಲ." ಯಾವುದೋ ಪ್ರಯೋಗದ ನೂರಿಪ್ಪತ್ತು ಅಳತೆಗಳು, ಪ್ರತಿಯೊಂದರ ಕೊನೆಯ ಅಂಕಿಗೂ ಕೆಂಪು ಸುತ್ತು. ನಾನು ಎಣಿಸಿದೆ. ಮೂರು, ಏಳು ವಿಪರೀತ. ಸೊನ್ನೆ, ಐದು ಒಂದೂ ಇಲ್ಲ. ಹಾಳೆಯ ಕೆಳತುದಿಯಲ್ಲಿ ಬರೆದಿದ್ದುದು ಎರಡೇ ಪದ: 'ಸೋಮವಾರ, ಪತ್ರ.'

ಅತ್ತಿಗೆ ದಂತವೈದ್ಯೆಯ ಬಾಲ್ಕನಿಗೆ ಹೋಗಿ ಬಂದು, "ನಮ್ಮನೆ ಉಗ್ರಾಣದಲ್ಲಿರೋ ದಪ್ಪ ಹಗ್ಗ ತಗೊಂಡ್ಬಾ," ಎಂದರು.

"ಯಾಕೆ?"

"ಬೀಳಬಾರದ್ದು ಬೀಳದೇ ಇರಲಿ ಅಂತ."

ಸಂಜೆ ಐದಕ್ಕೆ ಅತ್ತಿಗೆ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ಗೋಡೆಗೆ ಒರಗಿಸಿಟ್ಟ ಕುರ್ಚಿಗಳನ್ನು ತೋರಿಸಿ, "ಎಲ್ಲಿ ಬೇಕೋ ಅಲ್ಲಿ ಹಾಕ್ಕೊಳ್ಳಿ," ಎಂದರು. ದಂತವೈದ್ಯೆ ಬಾಗಿಲ ಬಳಿ ಕುಳಿತಳು. ತಂಗಿ ಬಿದ್ದ ಕೊಂಬೆಯ ಪಕ್ಕದಲ್ಲೇ ಕುಳಿತರು. ಸೋದರಳಿಯ ಆ ಜಾಗದಿಂದ ಮುಖ ತಿರುಗಿಸಿ, ಮರದ ಬಲಗಡೆಗೆ ಕುರ್ಚಿ ಎಳೆದುಕೊಂಡ. ಇನ್ಸ್‌ಪೆಕ್ಟರ್ ಮರದವನನ್ನು ಕರೆತಂದರು. ಅವನ ಹೆಂಡತಿ ಗೇಟಿನ ಹೊರಗೇ ನಿಂತಳು.

"ಪ್ರೊಫೆಸರ್ ಸತ್ತಿದ್ದು ಕೊಂಬೆಯಿಂದಲ್ಲ," ಎಂದು ಅತ್ತಿಗೆ ಶುರುಮಾಡಿದರು. "ನಿಂತವನ ಮೇಲೆ ಹೊಟ್ಟು ಉದುರಿದ್ರೆ ತಲೆ, ಭುಜದ ಮೇಲಿರುತ್ತೆ. ಇವರಿಗೆ ಬೆನ್ನ ತುಂಬ ಇತ್ತು, ಗಾಯದ ರಕ್ತದ ಮೇಲೂ ಇತ್ತು. ಮೈ ಕೆಳಗಿನ ನೆಲದಲ್ಲಿ ಇರಲಿಲ್ಲ. ಅಂದ್ರೆ ಗರಗಸ ಆಡೋಕೆ ಮುಂಚೇನೇ ತಲೆ ಒಡೆದು ಇಲ್ಲಿ ಮಲಗಿಸಿದ್ದಾರೆ."

ತಂಗಿ ಸೆರಗನ್ನು ಬಾಯಿಗೊತ್ತಿಕೊಂಡರು.

"ಕೊಯ್ದವನು ಕಸಬಿನವನಲ್ಲ. ಏನಪ್ಪಾ, ದಪ್ಪ ಕೊಂಬೆಗೆ ಮೊದಲು ಗರಗಸ ಎಲ್ಲಿ ಹಾಕ್ತೀಯ?"

"ಅಡಿಯಿಂದ, ಅಮ್ಮಾ," ಎಂದ ಮರದವನು. "ಅಡಿಗಚ್ಚು ಹಾಕದೆ ಮೇಲಿಂದ ಕೊಯ್ದ್ರೆ ಬೀಳೋವಾಗ ಸಿಪ್ಪೆ ಕಿತ್ಕೊಂಡು ಹೋಗುತ್ತೆ. ಮರಕ್ಕೆ ಹುಳ ಬೀಳುತ್ತೆ." ಅವನು ಹರಿದ ಸಿಪ್ಪೆಯನ್ನು ಆಗ ನೋಡಿದ. "ಅಯ್ಯೋ, ಇದನ್ನ ಯಾವ ಪಾಪಿ ಮುಟ್ಟಿದ? ಇದು ನನ್ನ ಕೊಂಬೆ ಅಲ್ಲ!"

"ಎಡಗಡೇದು ನಾನೇ ಅಂತ ಒಪ್ಪಿಕೊಂಡೆಯಲ್ಲೋ!" ಎಂದರು ಇನ್ಸ್‌ಪೆಕ್ಟರ್.

"ಹೌದು ಸಾರ್, ಎಡಗಡೇದು. ಅದೋ ಅಲ್ಲಿ." ಅವನ ಕೈ ಬಲಗಡೆಯ ಕೊಂಬೆಯತ್ತ ಚಾಚಿತು.

"ಮರಕ್ಕೆ ಬೆನ್ನು ಕೊಟ್ಟು ಮನೆ ಕಡೆ ಮುಖ ಮಾಡಿ ಕೂತವನಿಗೆ ನಮ್ಮ ಬಲವೇ ಎಡ," ಎಂದರು ಅತ್ತಿಗೆ. "ಇಪ್ಪತ್ತು ವರ್ಷದಿಂದ ಮೇಲೆ ಕೂತೇ ಎಡ ಬಲ ಎಣಿಸ್ತಾನೆ. ಅವನು ಅರ್ಧ ಕೊಯ್ದ ಕೊಂಬೆ ಇನ್ನೂ ಮೇಲೇ ಇದೆ. ನೀವು ಅದರಡಿ ಕೂತಿದ್ದೀರಿ."

ಕೊನೆಯ ಮಾತು ಸೋದರಳಿಯನಿಗೆ. ಅವನು ತಲೆಯೆತ್ತಿದ. ಎಲೆಗಳ ಮರೆಯಲ್ಲಿ ಕೊಯ್ದ ಬಿಳಿಯ ಗೆರೆ ಕಂಡಿರಬೇಕು, ಕುರ್ಚಿ ಮಗುಚುವಂತೆ ಎದ್ದ.

"ಹೆದರಬೇಡಿ, ಮಧ್ಯಾಹ್ನವೇ ಹಗ್ಗ ಬಿಗಿದಿದ್ದೀವಿ. ಮರದವನನ್ನ ಬಿಟ್ರೆ ಅರ್ಧ ಕೊಯ್ದ ಕೊಂಬೆಯ ವಿಷಯ ಗೊತ್ತಿದ್ದವರು ಮೂವರು. ನಿಮ್ಮ ಚಿಕ್ಕಮ್ಮನಿಗೆ ಅವನು ಕೈ ತೋರಿಸಿ ಹೇಳಿದ್ದ, ಅದಕ್ಕೇ ಅವರು ಬಟ್ಟೆಹಗ್ಗ ಈ ಕಡೆ ತಂದಿದ್ದು. ಈ ಡಾಕ್ಟರಮ್ಮ ಕಣ್ಣಾರೆ ಕಂಡವಳು. ಕೈ ಕಾಣದೆ ಬರೀ ಮಾತು ಕೇಳಿದವರು ನೀವೊಬ್ಬರೇ, ಫೋನಲ್ಲಿ. ಹಗ್ಗ ಹಾಕಿ ಎಳೆದ್ರಿ, ಬರಲಿಲ್ಲ. ಸಾಲದೇನೋ ಅಂತ ಈ ಮನೆ ಏಣಿ ಹತ್ತಿ, ಅವನು ಬಿಟ್ಟುಹೋಗಿದ್ದ ಗರಗಸದಲ್ಲೇ ಕೊಯ್ದ್ರಿ. ಪಟ್ಟಿ ಬಿಚ್ಚಿ."

ಅವನು ಬಿಚ್ಚಲಿಲ್ಲ. ಇನ್ಸ್‌ಪೆಕ್ಟರ್ ಬಿಚ್ಚಿದರು. ನಾಲ್ಕು ಬೆರಳ ಬುಡದಲ್ಲೂ ಸಾಲಾಗಿ ನೀರ್ಗುಳ್ಳೆಗಳು.

"ಇಸ್ತ್ರಿಪೆಟ್ಟಿಗೆ ಹೀಗೆ ಎಣಿಸಿ ಸುಡೋದಿಲ್ಲ," ಎಂದರು ಅತ್ತಿಗೆ. ನಂತರ ನಾನು ಕೊಟ್ಟ ಹಾಳೆಯನ್ನು ಬಿಡಿಸಿದರು. "ಇದು ನಿಮ್ಮ ಪ್ರಬಂಧದ ಅಳತೆಗಳು, ಅಲ್ವಾ? ಉಪಕರಣ ನೋಡಿ ಬರೆದ್ರೆ ಕೊನೆಯ ಅಂಕಿ ಎಲ್ಲವೂ ಬರುತ್ತೆ. ತಲೆಯಿಂದ ಬರೆಯೋರು ಸೊನ್ನೆ, ಐದು ಬರೆಯೋಕೆ ಹೆದರ್ತಾರೆ, ಸಂಶಯ ಬರುತ್ತೆ ಅಂತ."

ಸೋದರಳಿಯ ಬಿಚ್ಚಿದ ಪಟ್ಟಿಯನ್ನು ಮತ್ತೆ ಕೈಗೆ ಸುತ್ತಿಕೊಳ್ಳತೊಡಗಿದ.

"ವಿಶ್ವವಿದ್ಯಾಲಯಕ್ಕೆ ಪತ್ರ ಕಳಿಸಬೇಡಿ ಅಂತ ಕಾಲು ಹಿಡಿಯೋಕೆ ಬಂದಿದ್ದೆ," ಎಂದ ಅವನು ಕೊನೆಗೆ. "ನನ್ನ ವಿದ್ಯಾರ್ಥಿ ಅನ್ನೋಕೆ ನಾಚಿಕೆ ಆಗ್ತಿದೆ ಅಂದು ಬೆನ್ನು ತಿರುಗಿಸಿದ್ರು. ಅಲ್ಲೇ ಮರದವನ ಕಬ್ಬಿಣದ ಗೂಟ ಬಿದ್ದಿತ್ತು."

"ನಿನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದೆಯಲ್ಲೋ, ಅದೇ ಅಂಗಿ ಹಾಕ್ಕೊಂಡಿದ್ದ ಅಣ್ಣ," ಎಂದರು ಅವನ ಚಿಕ್ಕಮ್ಮ. ಅವನನ್ನು ಕರೆದೊಯ್ಯುವಾಗ ಅವರು ತಲೆಯೆತ್ತಲಿಲ್ಲ.

ಮನೆಗೆ ಬರುತ್ತ ಅತ್ತಿಗೆ, "ಅಳತೆಯನ್ನೂ ನೋಡದೆ ಬರೆದ, ಕೊಂಬೆಯನ್ನೂ ನೋಡದೆ ಕೊಯ್ದ," ಎಂದಷ್ಟೇ ಹೇಳಿದರು.

ಬುಧವಾರ ಮರದವನು ಉಳಿದ ಕೊಂಬೆ ಇಳಿಸಲು ಬಂದ. ನಾವೂ ಹೋಗಿದ್ದೆವು. ಅವನು ಹತ್ತಿ, ಬೊಡ್ಡೆಗೆ ಬೆನ್ನು ಕೊಟ್ಟು ಕುಳಿತು, ಅಭ್ಯಾಸದಂತೆ ಕೂಗಿದ. "ಅಮ್ಮಾ, ಎಡಗಡೇದು ಬಿಡ್ತಿದ್ದೀನಿ, ದೂರ ನಿಂತ್ಕೊಳ್ಳಿ!"

ಜಗುಲಿಯ ಕಂಬ ಹಿಡಿದು ನಿಂತಿದ್ದ ತಂಗಿ ತಲೆಯೆತ್ತಿದರು.

"ಕೈ ತೋರಿಸಿ ಹೇಳಪ್ಪಾ."