ಎಡಗಾಲಿನ ಅಳತೆ

ಮಂಗಳವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರುದಾರರು ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯೆ. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ಕೈಯಲ್ಲಿದ್ದ ಲಕೋಟೆಯನ್ನು ಮೇಜಿನ ಮೇಲೆ ಇಟ್ಟು, ಬಾಗಿಲ ಕಡೆ ತಿರುಗಿ ನೋಡಿದರು. ಠಾಣೆಯಲ್ಲಿ ಹೆದರಿದ ಮುಖ ಹೊಸದಲ್ಲ. ಆದರೆ ದಿನಾ ಚಾಕು ಹಿಡಿಯುವವರು ಹೆದರಿದ್ದನ್ನು ಇನ್‌ಸ್ಪೆಕ್ಟರ್ ಅದೇ ಮೊದಲು ನೋಡಿದ್ದು.

“ಏನು ಕಳುವಾಗಿದೆ?”

“ಒಂದು ದವಡೆ,” ಎಂದರು ವೈದ್ಯೆ.

ಬರೆದುಕೊಳ್ಳುತ್ತಿದ್ದ ಮಹಿಳಾ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಇನ್‌ಸ್ಪೆಕ್ಟರ್ ಮುಖ ನೋಡಿದಳು.

ವೈದ್ಯೆ ಬಿಡಿಸಿ ಹೇಳಿದರು. ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ಹೊರಬದಿಯ ತೆಳ್ಳನೆಯದು ಫಿಬುಲಾ. ಮೈಭಾರವೆಲ್ಲ ಹೆಚ್ಚುಕಡಿಮೆ ಪಕ್ಕದ ದಪ್ಪ ಮೂಳೆಯ ಮೇಲೇ ಬೀಳುವುದರಿಂದ, ಇದರ ನಡುಭಾಗ ತೆಗೆದರೂ ಮನುಷ್ಯ ನಡೆದಾಡುತ್ತಾನೆ. ಗೆಡ್ಡೆ ಬಂದು ದವಡೆ ಕತ್ತರಿಸಬೇಕಾದಾಗ ಈ ಮೂಳೆಯನ್ನು ಅದರ ರಕ್ತನಾಳದ ಸಮೇತ ತೆಗೆದು, ತುಂಡು ಮಾಡಿ, ದವಡೆಯ ಆಕಾರಕ್ಕೆ ಜೋಡಿಸಿ, ಕತ್ತಿನ ನಾಳಕ್ಕೆ ಹೊಲಿಯುತ್ತಾರೆ. ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಪ್ಲಾಸ್ಟಿಕ್ ಅಚ್ಚು, ಜೋಡಿಸುವ ಲೋಹದ ಪಟ್ಟಿ, ಎರಡನ್ನೂ ಆಯಾ ರೋಗಿಯ ಅಳತೆಗೇ ಮಾಡಿಸಬೇಕು. ಅದಕ್ಕೆ ಮೂರು ವಾರ ಹಿಡಿಯುತ್ತದೆ. ಆ ಎರಡೂ ಬೀಗ ಹಾಕಿದ ಬೀರುವಿನಿಂದ ಮಾಯವಾಗಿದ್ದವು. ಆಪರೇಷನ್ ಬುಧವಾರ ಬೆಳಿಗ್ಗೆ ಎಂಟಕ್ಕೆ.

“ಅವುಗಳ ಜಾಗದಲ್ಲಿ ಇದಿತ್ತು.” ವೈದ್ಯೆ ಲಕೋಟೆಯಿಂದ ಚೀಟಿ ತೆಗೆದರು. ಕಪ್ಪು ಮಸಿಯ ಸಣ್ಣ ಅಕ್ಷರಗಳು: ‘ಎಡಗಾಲು ಮುಟ್ಟಬೇಡಿ. ಮುಟ್ಟಿದರೆ ಕಾಲು ಹೋಗುತ್ತದೆ.’

“ಯಾರ ಕಾಲು? ರೋಗೀದಾ, ನಿಮ್ಮದಾ?”

“ಅದೇ ಗೊತ್ತಾಗ್ತಿಲ್ಲ. ಬೆಳಿಗ್ಗೆಯಿಂದ ಒಬ್ಬಳೇ ಲಿಫ್ಟ್ ಹತ್ತೋಕೂ ಧೈರ್ಯ ಬರ್ತಿಲ್ಲ.”

ಒಂಬತ್ತು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು: ಕಳವು ಮತ್ತು ಬೆದರಿಕೆ.

ಬೀರು ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯ ಮೂಳೆ ಕೋಣೆಯಲ್ಲಿ. ಫಿಬುಲಾದ ಉದ್ದ, ದಪ್ಪ, ಬಾಗು, ಅದರ ಪಕ್ಕದ ನಾಳ ಇವುಗಳ ಬಗ್ಗೆ ಅಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆದಿತ್ತು. ಒಳಗೆ ಹೋಗುವಾಗ ಎಡಗೋಡೆಯ ತುಂಬ ಎಡಗಾಲಿನ ಮೂಳೆಗಳನ್ನಿಟ್ಟ ಶೆಲ್ಫು, ಬಲಗೋಡೆಗೆ ಬಲಗಾಲಿನವು. ಪ್ರತಿ ಮೂಳೆಯ ಮೇಲೂ ಕಪ್ಪು ಅಂಕಿ. ಗಾಳಿಯಾಡದ ಆ ಕೋಣೆಯಲ್ಲಿ ಕಾನ್‌ಸ್ಟೇಬಲ್ ತನಗೆ ಅರಿವಿಲ್ಲದೆ ಕಾಲು ಹತ್ತಿರ ಎಳೆದುಕೊಂಡು ನಿಂತಳು.

ಬೀಗ ಮುರಿದಿರಲಿಲ್ಲ. ಬೀಗದಕೈ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು, ಎಲ್ಲರಿಗೂ ಗೊತ್ತಿರುವಂತೆ.

“ಬೀಗಾನೂ ಅಲ್ಲೇ ನೇತುಹಾಕಬಹುದಿತ್ತು,” ಎಂದರು ಇನ್‌ಸ್ಪೆಕ್ಟರ್.

ಪಂಚನಾಮೆಯಲ್ಲಿ ಇನ್‌ಸ್ಪೆಕ್ಟರ್ ಹೇಳಿದ್ದನ್ನೂ ಹೇಳದ್ದನ್ನೂ ಬರೆಯುವುದು ಕಾನ್‌ಸ್ಟೇಬಲ್ ಅಭ್ಯಾಸ. ಮೇಜಿನ ಮೇಲಿನ ಸಾಮಾನುಗಳನ್ನೂ ಬರೆದಳು: ಸ್ಕೇಲು ಎರಡು, ಮಸಿ ಬಾಟಲಿ ಒಂದು, ನಿಬ್ಬಿನ ಪೆನ್ನು ಎರಡು, ಬಣ್ಣವಿಲ್ಲದ ನೇಲ್ ಪಾಲಿಷ್ ಒಂದು.

“ನೇಲ್ ಪಾಲಿಷ್ ಯಾರದ್ದು?”

“ನಂದೇ ಸಾರ್,” ಎಂದರು ಮೂಲೆಯಲ್ಲಿ ನಿಂತಿದ್ದ ಸಹಾಯಕರು. ಹತ್ತೊಂಬತ್ತು ವರ್ಷ ಮೂಳೆ ಅಳೆದ ಅವರನ್ನು ಇಡೀ ಆಸ್ಪತ್ರೆ ಕರೆಯುತ್ತಿದ್ದುದು ಅಳತೆ ಮೇಷ್ಟ್ರು ಎಂದು. “ಅಂಕಿ ಬರೆದ ಮೇಲೆ ಒಂದು ಪದರ ಬಳೀತೀನಿ. ಮಸಿ ಅಳಿಸಬಾರದಲ್ಲ.”

“ನಿನ್ನೆ ಎಷ್ಟು ಗಂಟೆಗೆ ಹೊರಟಿರಿ?”

“ಆರೂವರೆ.”

“ಅಚ್ಚು ಆಗ ಇತ್ತಾ?”

“ನೋಡ್ಲಿಲ್ಲ ಸಾರ್.”

ಹೇಳುವಾಗ ಮೇಷ್ಟ್ರು ಬೀರುವಿನ ಕಡೆ ನೋಡಲೇ ಇಲ್ಲ. ಪೊಲೀಸರ ಮುಂದೆ ಎಲ್ಲರೂ ಎಲ್ಲೆಲ್ಲೋ ನೋಡುತ್ತಾರೆ ಎಂದು ಇನ್‌ಸ್ಪೆಕ್ಟರ್ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅದು ಅವರ ತಪ್ಪು. ಆಮೇಲೆ ಅವರೇ ಒಪ್ಪಿಕೊಂಡರು.

ರೋಗಿ ಮೂರನೇ ಮಹಡಿಯ ವಾರ್ಡಿನಲ್ಲಿದ್ದಳು. ಬಟ್ಟೆ ಹೊಲಿಯುವ ಹೆಂಗಸು, ಮೂವತ್ತೆಂಟು ವರ್ಷ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಅರ್ಧ ಮಾತು ಅವಳು ಆಡಿದರೆ ಉಳಿದರ್ಧ ಪಕ್ಕದಲ್ಲಿದ್ದ ಅಕ್ಕ ಪೂರೈಸುತ್ತಿದ್ದಳು. ಚೀಟಿಯ ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಸುದ್ದಿಗೆ ಲಿಫ್ಟ್ ಬೇಕಿಲ್ಲ.

“ಸಾರ್, ನನ್ನ ಕಾಲು ಯಾರಿಗೆ ಏನು ಮಾಡಿತ್ತು?” ಎಂದಳು.

“ನಿಮ್ಮ ಮೇಲೆ ಯಾರಿಗಾದ್ರೂ ಸಿಟ್ಟಿದೆಯಾ?”

“ರವಿಕೆ ಬಿಗಿಯಾಯ್ತು ಅಂತ ನಾಲ್ಕು ಜನಕ್ಕೆ ಇರಬಹುದು ಅಷ್ಟೇ,” ಎಂದಳು ಅಕ್ಕ. ನಗಬೇಕೆಂದಿದ್ದವಳು ಅತ್ತುಬಿಟ್ಟಳು. “ಇವಳದ್ದು ತುಳಿಯೋ ಮಷಿನ್ ಸಾರ್. ಪಾದ ಇಲ್ಲದೆ ಹೊಲಿಯೋದು ಹೇಗೆ? ಸುದ್ದಿ ಕೇಳಿದಾಗಿಂದ ಕಾಲು ಹಿಡ್ಕೊಂಡೇ ಕೂತಿದಾಳೆ.”

ತಂಗಿ ಈಗಲೂ ಹೊದಿಕೆಯ ಮೇಲಿಂದ ಎಡಗಾಲನ್ನು ಹಿಡಿದೇ ಇದ್ದಳು. ಇನ್‌ಸ್ಪೆಕ್ಟರಿಗೆ ಸಂಕಟವಾಯಿತು. ಹೆದರಬೇಡಮ್ಮ ಎನ್ನುವುದು ಸುಲಭ, ಆದರೆ ಯಾವುದಕ್ಕೆ ಹೆದರಬಾರದೆಂದು ಅವರಿಗೇ ಗೊತ್ತಿರಲಿಲ್ಲ.

ರೋಗಿಯನ್ನು ಬಿಟ್ಟರೆ, ಎಡಗಾಲು ಎಂದು ತಿಳಿದಿದ್ದವರು ಐದೇ ಜನ: ವೈದ್ಯೆ, ಅವರ ಇಬ್ಬರು ಕಿರಿಯ ವೈದ್ಯರು, ರೋಗಿಯ ಅಕ್ಕ, ಸ್ಕ್ಯಾನ್ ನೋಡಿ ಕಾಲುಗಳ ಅಳತೆಪಟ್ಟಿ ಬರೆದುಕೊಟ್ಟ ಮೇಷ್ಟ್ರು. ಸಂಜೆವರೆಗೂ ಎಲ್ಲರ ಹೇಳಿಕೆ ಪಡೆದರು. ಮೇಷ್ಟ್ರು ಹೇಳಿಕೆ ಕೊಟ್ಟು, ಜ್ವರ ಬಂದಂತಿದೆ ಎಂದು ನಾಲ್ಕಕ್ಕೇ ಹೊರಟುಹೋದರು. ಐದಕ್ಕೆ ವೈದ್ಯೆ ಇನ್‌ಸ್ಪೆಕ್ಟರನ್ನು ಒಳಗೆ ಕರೆದರು.

“ಆಪರೇಷನ್ ನಿಲ್ಲಿಸಲ್ಲ. ಗೆಡ್ಡೆ ಮೂರು ವಾರ ಕಾಯಲ್ಲ. ಈ ಅಚ್ಚು ಬರೋ ಮುಂಚೆ ಕಣ್ಣಳತೇಲೇ ಮಾಡ್ತಿದ್ವಿ. ಸಾದಾ ಲೋಹದ ಪಟ್ಟಿ ಬಗ್ಗಿಸಿ ಹಾಕ್ತೀನಿ. ಆದ್ರೆ ಯಾರಿಗೂ ಗೊತ್ತಾಗೋದು ಬೇಡ.”

ಆಪರೇಷನ್ ಕೋಣೆಯ ಬಾಗಿಲಿಗೆ ಇಬ್ಬರು ಕಾನ್‌ಸ್ಟೇಬಲ್‌ಗಳ ಕಾವಲು ಹಾಕಿಸಿ ಇನ್‌ಸ್ಪೆಕ್ಟರ್ ಮನೆಗೆ ಹೋದರು.

ಬುಧವಾರ ಬೆಳಿಗ್ಗೆ ಆರೂವರೆ. ಮಹಿಳಾ ಕಾನ್‌ಸ್ಟೇಬಲ್ ಮನೆಯಲ್ಲಿ ಅವಳ ತಂಗಿ ಕಾಲೇಜಿಗೆ ಹೊರಡುವ ಮೊದಲು ಉಗುರಿಗೆ ಪಾಲಿಷ್ ಹಚ್ಚಿಕೊಳ್ಳುತ್ತಿದ್ದಳು. ಘಾಟು ಮೂಗಿಗೆ ಬಡಿದದ್ದೇ ಕಾನ್‌ಸ್ಟೇಬಲ್ ಚಹಾ ಲೋಟವನ್ನು ಅರ್ಧಕ್ಕೇ ಬಿಟ್ಟೆದ್ದಳು. ಆರು ಐವತ್ತೈದಕ್ಕೆ ಠಾಣೆಯಲ್ಲಿ ಚೀಟಿಯ ಪ್ಲಾಸ್ಟಿಕ್ ಕವರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಕಾಗದ ಮಾಸಲಾಗಿತ್ತು. ಅಕ್ಷರಗಳ ಸಾಲು ಮಾತ್ರ ಹೊಳೆಯುತ್ತಿತ್ತು.

“ಬೆದರಿಕೆ ಚೀಟಿಗೆ ಪಾಲಿಷ್ ಯಾರು ಹಾಕ್ತಾರೆ?” ಎಂದರು ಇನ್‌ಸ್ಪೆಕ್ಟರ್.

“ಬೇಕು ಅಂತ ಯಾರೂ ಹಾಕಲ್ಲ ಸಾರ್. ಹತ್ತೊಂಬತ್ತು ವರ್ಷ ಹಾಕಿದ ಕೈ. ಬರೆದ ತಕ್ಷಣ ತಾನಾಗೇ ಹೋಗಿರುತ್ತೆ.”

ಏಳು ಇಪ್ಪತ್ತಕ್ಕೆ ಜೀಪು ಮೇಷ್ಟ್ರ ಮನೆಯ ಮುಂದೆ ನಿಂತಿತು. ಮೇಷ್ಟ್ರು ಮೆಟ್ಟಿಲ ಮೇಲೆ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಪೊಲೀಸರನ್ನು ಕಂಡು ಏಳಲೂ ಇಲ್ಲ, ಓಡಲೂ ಇಲ್ಲ. ಡಬ್ಬಿಯನ್ನು ಮುಂದೆ ಚಾಚಿದರು. ಒಳಗೆ ಅಚ್ಚು ಮತ್ತು ಲೋಹದ ಪಟ್ಟಿ, ಹತ್ತಿಯಲ್ಲಿ ಸುತ್ತಿ ಇಟ್ಟಿದ್ದವು.

“ಆಪರೇಷನ್ ನಿಂತಿತಲ್ಲ ಸಾರ್?”

“ಇಲ್ಲ. ಎಂಟಕ್ಕೆ ಶುರು. ಅಚ್ಚಿಲ್ಲದೇನೇ ಮಾಡ್ತಾರೆ.”

“ಯಾವ ಕಾಲು?”

“ಎಡಗಾಲು.”

ಮೇಷ್ಟ್ರು ಎದ್ದು ನಿಂತರು. ಇನ್‌ಸ್ಪೆಕ್ಟರ್ ತೋಳು ಹಿಡಿದುಕೊಂಡರು.

“ಮುಟ್ಟಬೇಡಿ ಅನ್ನಿ. ನಾನು ಎಡ ಬಲ ತಿರುವುಮುರುವು ಬರೆದಿದೀನಿ. ಆ ಕಾಲಿನ ಪಾದಕ್ಕೆ ರಕ್ತ ಕೊಡೋದು ಅದೊಂದೇ ನಾಳ. ತೆಗೆದರೆ ಪಾದ ಸಾಯುತ್ತೆ!”

ವೈದ್ಯೆಯ ಫೋನು ಆಫ್ ಆಗಿತ್ತು, ಆಸ್ಪತ್ರೆಯದು ಎಂಗೇಜ್ ಬರುತ್ತಿತ್ತು. ಕಾವಲಿನ ಕಾನ್‌ಸ್ಟೇಬಲ್‌ಗಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಆಪರೇಷನ್ ಕೋಣೆಯ ಹತ್ತಿರ ಫೋನು ಮೌನವಾಗಿರಲಿ ಎಂದು ಹಿಂದಿನ ದಿನ ಅಪ್ಪಣೆ ಮಾಡಿದ್ದವರು ಇನ್‌ಸ್ಪೆಕ್ಟರೇ. ಏಳು ಮೂವತ್ತೊಂದಕ್ಕೆ ಹೊರಟ ಜೀಪು ಏಳು ನಲವತ್ತೆಂಟಕ್ಕೆ ಆಸ್ಪತ್ರೆ ಮುಟ್ಟಿತು. ಲಿಫ್ಟ್ ಮೇಲೆಲ್ಲೋ ನಿಂತಿತ್ತು. ಮೇಷ್ಟ್ರು ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಓಡಿದರು. ಆರೋಪಿ ಮುಂದೆ, ಪೊಲೀಸರು ಹಿಂದೆ. ಆದರೆ ಅಲ್ಲಿ ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ನಾಲ್ಕನೇ ಮಹಡಿಯ ಬಾಗಿಲಲ್ಲಿ ನರ್ಸು ಕೈ ಅಡ್ಡ ಹಿಡಿದಳು.

“ಶೂ ಬಿಚ್ಚಿ!”

“ಒಳಗೆ ಬರಲ್ಲಮ್ಮ, ಡಾಕ್ಟರನ್ನ ಕರೀರಿ! ಎಡಗಾಲು ಮುಟ್ಟಬಾರದು!” ಇನ್‌ಸ್ಪೆಕ್ಟರ್ ಕೂಗಿದ್ದು ಕಾರಿಡಾರಿನ ಆಚೆ ತುದಿಗೂ ಕೇಳಿಸಿತು.

ಗಂಟೆ ಏಳು ಐವತ್ತಮೂರು. ಹೊಲಿಗೆಯವಳಿಗೆ ಅರಿವಳಿಕೆ ಕೊಟ್ಟಾಗಿತ್ತು. ಎಡಗಾಲಿಗೆ ಔಷಧಿ ಬಳಿದು, ಕತ್ತರಿಸುವ ಗೆರೆ ಎಳೆದಾಗಿತ್ತು. ವೈದ್ಯೆ ಎರಡೂ ಕೈ ಮೇಲೆತ್ತಿಕೊಂಡು ಹೊರಬಂದರು. ಮೇಷ್ಟ್ರು ಹೇಳಿದ್ದನ್ನು ಕೇಳಿ ಸ್ಕ್ಯಾನಿನ ಫಿಲ್ಮ್ ತರಿಸಿ ಬೆಳಕಿಗೆ ಹಿಡಿಸಿದರು. ಒಂದು ಕಾಲಿನಲ್ಲಿ ಮೂರು ನಾಳ ಪಾದದವರೆಗೂ ಸರಿಯಾಗಿ ಇಳಿದಿದ್ದವು. ಇನ್ನೊಂದರಲ್ಲಿ ಎರಡು ನಾಳ ನಡುದಾರಿಯಲ್ಲೇ ಬತ್ತಿದ್ದವು. ಪಾದ ಮುಟ್ಟಿದ್ದು ಫಿಬುಲಾದ ಪಕ್ಕದ ನಾಳ ಒಂದೇ. ಬತ್ತಿದ್ದು ಎಡಗಾಲಿನವು.

“ನಾನು ಮೇಷ್ಟ್ರ ಅಳತೆಪಟ್ಟಿ ನೋಡಿದೆ, ಫಿಲ್ಮ್ ನೋಡಲಿಲ್ಲ,” ಎಂದರು ವೈದ್ಯೆ, ಯಾರೂ ಕೇಳದಿದ್ದರೂ. ಆಮೇಲೆ ತಮ್ಮ ಹೇಳಿಕೆಯಲ್ಲೂ ಅದನ್ನೇ ಬರೆಸಿ ಸಹಿ ಹಾಕಿದರು. ಅಕ್ಕನಿಂದ ಹೊಸ ಒಪ್ಪಿಗೆ ಪಡೆದು, ಬಲಗಾಲಿನ ನಾಳಗಳನ್ನು ಮತ್ತೆ ಪರೀಕ್ಷಿಸಿ, ಒಂಬತ್ತೂವರೆಗೆ ಬಲಗಾಲಿನ ಮೇಲೆ ಗೆರೆ ಎಳೆದರು.

ಮೇಷ್ಟ್ರ ಹೇಳಿಕೆಯನ್ನು ಮೂಳೆ ಕೋಣೆಯಲ್ಲೇ ಪಡೆಯಲಾಯಿತು. ಹದಿನೆಂಟು ವರ್ಷ ಅವರಿಗೆ ಎಡವೆಂದರೆ ಎಡಗೋಡೆ. ಕಳೆದ ವರ್ಷ ಸ್ಕ್ಯಾನಿನ ಅಳತೆಯನ್ನೂ ಅವರಿಗೇ ವಹಿಸಿದರು. ಸ್ಕ್ಯಾನಿನ ಚಿತ್ರದಲ್ಲಿ ರೋಗಿ ನಮ್ಮೆದುರು ನಿಂತ ಹಾಗೆ, ಅವನ ಎಡಗಾಲು ನಮ್ಮ ಬಲಕ್ಕೆ. ಮೇಷ್ಟ್ರು ಅದನ್ನೂ ಗೋಡೆಯಂತೆಯೇ ಓದಿದರು. ಸ್ಕ್ಯಾನ್ ವಿಭಾಗದ ವರದಿ ಬರಲು ನಾಲ್ಕು ದಿನ, ಮೇಷ್ಟ್ರ ಅಳತೆಪಟ್ಟಿ ಅದೇ ಸಂಜೆ. ಹಾಗಾಗಿ ಎಲ್ಲರೂ ಅಳತೆಪಟ್ಟಿಯನ್ನೇ ನಂಬಿದರು, ಆಮೇಲೆ ಬಂದ ವರದಿಯನ್ನು ತೆರೆದೂ ನೋಡುತ್ತಿರಲಿಲ್ಲ. ಬಹುತೇಕ ಜನರ ಎರಡು ಕಾಲೂ ಒಂದೇ ತರಹ ಇರುವುದರಿಂದ ತಪ್ಪು ಹೊರಬೀಳಲಿಲ್ಲ. ಸೋಮವಾರ ಸಂಜೆ ಸಂಶೋಧನೆಗೆಂದು ಎರಡನೇ ಸಲ ಅಳೆಯುವಾಗ, ಫಿಲ್ಮಿನ ಬಲಮೂಲೆಯಲ್ಲಿದ್ದ ‘ಎಡ’ ಎಂಬ ಗುರುತು ಅವರ ಕಣ್ಣಿಗೆ ಬಿತ್ತು.

“ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ಇದೊಂದು ಹೇಳಿದ್ರೆ ನಾನು ಸ್ಕ್ಯಾನ್ ಅಳೆದ ಹಳೇ ಏಳು ರೋಗಿಗಳ ಫೈಲೂ ತೆಗೀತಿದ್ರು ಸಾರ್. ನಾನೇ ತೆಗೆದು ನೋಡಿದೆ. ಆರರಲ್ಲಿ ಎರಡು ಕಾಲೂ ಒಂದೇ ತರ, ಏನೂ ತೊಂದರೆ ಆಗಿರಲಿಲ್ಲ.”

“ಇನ್ನೊಂದು?”

ಮೇಷ್ಟ್ರು ಗೋಡೆಯ ಮೇಲ್ತುದಿಯ ಮುಚ್ಚಿದ ಕಿಟಕಿಯಿಂದ ಕಾಣುತ್ತಿದ್ದ ಸೈಕಲ್ ಸ್ಟ್ಯಾಂಡಿನ ಕಡೆ ನೋಡಿದರು.

ಹನ್ನೊಂದು ನಲವತ್ತಕ್ಕೆ ಅವರನ್ನು ಬಂಧಿಸಿ ಹೊರತಂದಾಗ ಸ್ಟ್ಯಾಂಡಿನ ಕಾವಲುಗಾರ ಊರುಗೋಲು ಹಿಡಿದು ಎದ್ದು ಬಂದ. ವರ್ಷದ ಹಿಂದೆ ಅವನಿಗೂ ಕಾಲಿನ ಮೂಳೆಯಿಂದ ದವಡೆ ಮಾಡಿದ್ದರು. ದವಡೆ ನಿಂತಿತು. ಎಡಪಾದ ಕಪ್ಪಾಗಿ ಕತ್ತರಿಸಬೇಕಾಯಿತು. ಸಿಗರೇಟು ಸೇದಿ ನಾಳ ಕೆಡಿಸಿಕೊಂಡಿದ್ದಾನೆ ಎಂದು ಎಲ್ಲರೂ ಬೈದಿದ್ದರು. ಅವನೂ ಅದನ್ನೇ ನಂಬಿದ್ದ.

“ಮೇಷ್ಟ್ರೇ, ನಿನ್ನೆ ಸೈಕಲ್ ಬಿಟ್ಟೇ ಹೋಗಿದ್ರಲ್ಲ. ಬಿಸಿಲು ಬೀಳುತ್ತೆ ಅಂತ ಒಳಗೆ ಇಟ್ಟಿದೀನಿ.” ಆಮೇಲೆ ಪೊಲೀಸರನ್ನು ನೋಡಿ ದನಿ ಇಳಿಸಿದ. “ಏನಾಯ್ತು?”

ಮೇಷ್ಟ್ರು ಇನ್‌ಸ್ಪೆಕ್ಟರ್ ಮುಖ ನೋಡಿದರು. ಇನ್‌ಸ್ಪೆಕ್ಟರ್ ತಲೆಯಾಡಿಸಿ ಒಂದು ಹೆಜ್ಜೆ ಹಿಂದೆ ಸರಿದರು.

“ನಿನ್ನ ಕಾಲು ಹೋಗಿದ್ದು ಸಿಗರೇಟಿಂದ ಅಲ್ಲಪ್ಪ. ನನ್ನಿಂದ. ನಾನು ಕಾಲು ಅದಲುಬದಲು ಬರೆದೆ.”

ಕಾವಲುಗಾರ ಬಗ್ಗಿ ತನ್ನ ಎಡಗಾಲಿನ ತುದಿ ನೋಡಿಕೊಂಡ.

“ಯಾವಾಗ ಗೊತ್ತಾಯ್ತು ನಿಮಗೆ?”

“ಸೋಮವಾರ.”

“ನಿನ್ನೆ ಬೆಳಿಗ್ಗೆ ನನ್ನ ಹತ್ರ ಸೈಕಲ್ ಕೊಟ್ಟು, ಚೆನ್ನಾಗಿದೀಯಾ ಅಂತ ಕೇಳಿದ್ರಲ್ಲ.”

“ಹೂಂ.”

ಕಾವಲುಗಾರ ತಿರುಗಿ, ಊರುಗೋಲು ಊರುತ್ತ ಸ್ಟ್ಯಾಂಡಿನ ನೆರಳಿಗೆ ಹೋಗಿ ಕುಳಿತ. ಜೀಪು ಹೊರಟಾಗ ಮತ್ತೆ ತಲೆ ಎತ್ತಲಿಲ್ಲ. ಠಾಣೆಯಲ್ಲಿ ಕಾನ್‌ಸ್ಟೇಬಲ್ ಕೃತ್ಯದ ಉದ್ದೇಶವೇನೆಂದು ಬರೆಯಲಿ ಎಂದು ಕೇಳಿದಳು. ದುಡ್ಡಲ್ಲ, ದ್ವೇಷವಲ್ಲ. ಇನ್‌ಸ್ಪೆಕ್ಟರ್ ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡು ತಾವೇ ಬರೆದರು: ‘ಆ ಮನುಷ್ಯನ ಮುಖ ನೋಡಲು ಹೆದರಿಕೆ.’