ಎಡಗೈಯಲ್ಲಿ ಸಾಲ್ಟೆನ್ಯಾ

ಬೆಳಿಗ್ಗೆ ಏಳೂಕಾಲು. ಕೊಚಬಾಂಬಾ ನಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ್ ಎಫ್ರಾಯಿನ್ ಚಾಕುವಿನ ತಟ್ಟೆಯನ್ನು ನೈರಾಳ ಕಡೆ ಸರಿಸಿದ.

"ತಗೋ. ಇವತ್ತಿನ ಅಪೆಂಡಿಕ್ಸ್ ನಿಂದು."

ನೈರಾ ನಂಬಲಿಲ್ಲ. ಸರ್ಜರಿ ತರಬೇತಿಗೆ ಸೇರಿ ವರ್ಷವಾಗುತ್ತ ಬಂದಿತ್ತು. ಯಾರು ಕೊಯ್ಯಬೇಕೆಂದು ಹೇಳುವವನು ತರಬೇತಿಯಲ್ಲಿ ಅವಳಿಗಿಂತ ಎರಡು ವರ್ಷ ಹಿರಿಯನಾದ ಎಫ್ರಾಯಿನ್. ಪ್ರತಿ ಸಲವೂ ಅವನೇ ಕೊಯ್ದ. ಅವಳು ಕೊಕ್ಕೆಯಿಂದ ಗಾಯ ಅಗಲಿಸಿ ಹಿಡಿದು ನಿಂತಳು. ರಾತ್ರಿ ತನ್ನ ಕೋಣೆಯಲ್ಲಿ, ಅಭ್ಯಾಸಕ್ಕೆಂದು ಸಂತೆಯಿಂದ ತಂದ ಹಂದಿಕಾಲಿಗೆ ಹೊಲಿಗೆ ಹಾಕುತ್ತ ಅತ್ತಳು.

'ನನ್ನ ಮೇಲೆ ಇವನಿಗೆ ನಂಬಿಕೆಯೇ ಇಲ್ಲ...'

ಅಂಥವನನ್ನು ಪ್ರೀತಿಸುತ್ತಿದ್ದೇನೆಂಬುದೇ ಅವಳಿಗೆ ಅವಮಾನವಾಗಿತ್ತು.

ಮೊದಲ ಆಪರೇಷನ್ ಮಾಡಿದವರು ವಾರ್ಡಿಗೆಲ್ಲ ಮಾಂಸದ ಹೂರಣ ತುಂಬಿದ ಬಿಸಿ ಕಡುಬು, ಸಾಲ್ಟೆನ್ಯಾ, ತಿನ್ನಿಸುವುದು ಅಲ್ಲಿನ ರೂಢಿ. ನರ್ಸ್ ಬೆನೆಡಿಕ್ಟಾ ಕಾಡುತ್ತಲೇ ಇದ್ದರು: "ಏನ್ ಡಾಕ್ಟರಮ್ಮ, ನಾನು ರಿಟೈರ್ ಆಗೋದ್ರೊಳಗೆ ತಿನ್ನಿಸ್ತೀಯೋ ಇಲ್ವೋ?"

ಮೇಲ್ವಿಚಾರಣೆಗೆ ನಿಂತಿದ್ದ ಹಿರಿಯ ಸರ್ಜನ್ ಆಗಲೆಂದು ತಲೆಯಾಡಿಸಿದರು. ಮೇಜಿನ ಮೇಲೆ ಶಾಲಾ ಹುಡುಗಿಯೊಬ್ಬಳು ಅರಿವಳಿಕೆಯಲ್ಲಿ ಮಲಗಿದ್ದಳು. ಎಫ್ರಾಯಿನ್ ಎಡಗೈಯಲ್ಲಿ ಕೊಕ್ಕೆ ಹಿಡಿದ.

"ಹೆದರಬೇಡ. ನಾನು ಹಿಡ್ಕೊಂಡಿರ್ತೀನಿ."

ಕೊನೆಯ ಗಂಟು ಬಿಗಿದು ದಾರ ಕತ್ತರಿಸುವವರೆಗೂ ಅವಳ ಕೈ ಅಳುಕಲಿಲ್ಲ.

ಹೊರಗೆ ಕೈ ತೊಳೆಯುವಾಗ ಅವನ ಬಲಗೈ ಬೆರಳುಗಳು ನಡುಗುತ್ತಿರುವುದನ್ನು ಕಂಡಳು.

"ಏನಾಯ್ತು ಕೈಗೆ?"

"ನರದ ಕಾಯಿಲೆ. ನೀನು ಸೇರೋಕೆ ಮುಂಚೇನೇ ಗೊತ್ತಾಗಿತ್ತು. ವಾಸಿ ಆಗಲ್ಲ." ಅವನು ನಲ್ಲಿ ನಿಲ್ಲಿಸಿದ. "ಇವತ್ತು ಬೆಳಿಗ್ಗೆ ಮೊದಲ ಸಲ ನಡುಗ್ತು. ಅದಕ್ಕೆ ಚಾಕು ಮುಟ್ಟಲಿಲ್ಲ."

"ಮತ್ತೆ ಇಷ್ಟು ದಿನ...?"

"ಪ್ರತಿ ಸಲ ಇದೇ ಕೊನೇದೇನೋ ಅನ್ನಿಸ್ತಿತ್ತು ನೈರಾ. ನಿನ್ನ ಪಾಲಿನದನ್ನೂ ಕಿತ್ಕೊಂಡೆ."

"ನಾನು ಕೈಲಾಗದವಳು ಅಂದ್ಕೊಂಡಿದ್ದೆ! ಎಷ್ಟು ಅತ್ತಿದ್ದೀನಿ ಗೊತ್ತಾ, ಪಾಪಿ!"

"ನೀನು ಗಂಟು ಹಾಕೋದು ನೋಡಿದ್ರೆ ಹೊಟ್ಟೆ ಉರೀತಿತ್ತು. ಪ್ರೀತಿನೂ ಉಕ್ಕುತ್ತಿತ್ತು. ಯಾವುದನ್ನ ಹೇಳಲಿ?"

ನೈರಾಳಿಗೆ ಕ್ಷಮಿಸಬೇಕೋ ಬೈಯಬೇಕೋ ತಿಳಿಯಲಿಲ್ಲ. ಕಣ್ಣೊರೆಸಿಕೊಂಡಳು.

"ಸಾಲ್ಟೆನ್ಯಾ ತರೋಕೆ ಬಾ."

"ನಂಗೆ ಪೊಟ್ಟಣ ಹಿಡಿಯೋಕೂ ಭಯ ಈಗ."

"ಎಡಗೈಲಿ ಹಿಡ್ಕೋ. ಬಲಗೈ ನಾನು ಹಿಡ್ಕೊಂಡಿರ್ತೀನಿ."

ಹತ್ತು ಗಂಟೆಗೆ ವಾರ್ಡಿನವರೆಲ್ಲ ಸಾಲ್ಟೆನ್ಯಾ ತಿಂದರು. ಬೆನೆಡಿಕ್ಟಾ ಎರಡು ತಿಂದರು. ಮುಂದಿನ ಸೋಮವಾರ ಎಫ್ರಾಯಿನ್ ಸರ್ಜರಿ ತರಬೇತಿಗೆ ರಾಜೀನಾಮೆ ಕೊಟ್ಟ.