ಎರಡು ಮೆಟ್ಟಿಲು ಇಳಿಸಿದ ಲಾಗ್

ಲಾಪುವಾ ಊರಿನ ಹೊರವಲಯದ ಗೋಬರ್ ಗ್ಯಾಸ್ ಸ್ಥಾವರ. ಪಂಪ್ ಕೋಣೆಯಲ್ಲಿ ರಿಪೇರಿಗೆ ಇಳಿದಿದ್ದ ಓಸ್ಮೊ ಸತ್ತು ಬೋರಲು ಬಿದ್ದಿದ್ದ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. ವಿಷಾನಿಲ ಅವನಿಗೆ ಐದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಮೇಲಿನ ಕೋಣೆಯಲ್ಲಿ ಪರದೆ ಕಾಯುತ್ತಿದ್ದವಳು ಅವನ ಅಕ್ಕ ಕೈಸು. ಕಪ್ಪು ಪರದೆ, ಬಿಳಿ ಅಕ್ಷರ. ನಡೆದದ್ದನ್ನೆಲ್ಲ ಪ್ರೋಗ್ರಾಮ್ ಅಲ್ಲಿ ಸಾಲುಸಾಲಾಗಿ ತೋರಿಸಿ, ಲಾಗ್ ಫೈಲಿಗೂ ಬರೆಯುತ್ತದೆ. ಎಚ್ಚರಿಕೆ ಕಂಡರೆ ಕೆಳಗಿರುವವರನ್ನು ಹೊರಗೆ ಕರೆಯುವುದು ಅವಳ ಕೆಲಸ.

ತನಿಖೆಗೆ ಬಂದ ನನಗೆ ಮೇಲ್ವಿಚಾರಕ ವೇಯೊ ಲಾಗಿನ ಪ್ರಿಂಟ್ ತಂದುಕೊಟ್ಟ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಹದಿನಾಲ್ಕು ಎಚ್ಚರಿಕೆ. ಎಲ್ಲದರಲ್ಲೂ ಒಂದೇ ಮಾತು: ಅನಿಲ ಏರುತ್ತಿದೆ.

"ನೋಡು ಇನ್ಸ್‌ಪೆಕ್ಟರಮ್ಮ, ಹದಿನಾಲ್ಕು ಸಲ ಬಡ್ಕೊಂಡಿದೆ. ಇವಳು ಎಲ್ಲಿ ನೋಡ್ತಿದ್ಲೋ."

"ಲಾಗ್ ಎಷ್ಟು ಬರೆಯೋ ಹಾಗೆ ಇಟ್ಟಿದ್ದೆ?"

"ಯಾವಾಗಿನ ಹಾಗೆ, ಪೂರ್ತಿ. ಸಣ್ಣದು ದೊಡ್ಡದು ಎಲ್ಲಾ."

ಕೈಸು ಮುಂದೆ ಕಾಫಿ ಆರಿ ಕೂತಿತ್ತು. "ನಾನೇ ಕೊಂದೆ ಅಂತ ಬರ್ಕೋ ಲೆಂಪಿ," ಎಂದಳು. ದುಃಖಕ್ಕೆ ಹೇಳುತ್ತಾಳೆ ಎಂದುಕೊಂಡೆ. ಶಾಲೆಯ ಗೆಳತಿ. ಅವಳು ಜೈಲಿಗೆ ಹೋಗುವುದು ನನಗೆ ಬೇಡವಾಗಿತ್ತು.

*

ಹಿಂದಿನ ದಿನಗಳ ಲಾಗ್ ತರಿಸಿ ಓದಿದೆ. ನಿಮಿಷಕ್ಕೊಂದು ಸಾಲು, ಪಂಪ್ ಸರಿ ಇದೆ, ಪಂಪ್ ಸರಿ ಇದೆ. ತಲೆ ಚಿಟ್ಟುಹಿಡಿಯಿತು. ಆಮೇಲೆ ವೇಯೊ ಕೊಟ್ಟ ಹಾಳೆಗೆ ಮರಳಿದೆ.

*

ಇಬ್ಬರನ್ನೂ ಕೂರಿಸಿದೆ.

"ಪೂರ್ತಿ ಇಟ್ಟಿದ್ರೆ ಪಂಪ್ ಸರಿ ಇದೆ ಅನ್ನೋ ಈ ಹರಟೆ ಎಲ್ಲಿ ಹೋಯ್ತು ವೇಯೊ? ಎರಡು ಗಂಟೆ ಅವಧಿಗೆ ನೂರಿಪ್ಪತ್ತು ಸಾಲು ಇರ್ಬೇಕು. ಒಂದೂ ಇಲ್ಲ. ನೀನು ಲಾಗಿನ ಬಾಯಿ ಕಟ್ಟಿದ್ದೆ. ಓಸ್ಮೊ ಸತ್ತಮೇಲೆ ಬಿಚ್ಚಿ, ಹಳೇ ಫೈಲಿನ ಎಚ್ಚರಿಕೆಗಳನ್ನ ತಂದು ತುರುಕಿದೆ. ಹರಟೆ ತುರುಕೋದು ಮರೆತೆ."

ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದು ವೇಯೊಗೆ ಬರುವುದಿಲ್ಲ. ಮುಖ ಮುಚ್ಚಿಕೊಂಡ.

"ಹರಟೆ ಒಂದನ್ನೇ ನಿಲ್ಸೋಣ ಅಂತಿದ್ದೆ. ಹರಟೆ, ಎಚ್ಚರಿಕೆ, ಯಂತ್ರ ಕೆಟ್ಟ ಸುದ್ದಿ, ಹೀಗೆ ಮೂರು ಮೆಟ್ಟಿಲು. ಒಂದು ಇಳಿಸೋ ಬದಲು ಎರಡು ಇಳಿಸ್ಬಿಟ್ಟೆ, ಪರದೆ ಮೇಲೆ ಎಚ್ಚರಿಕೆ ಬರೋದೂ ನಿಂತುಹೋಯ್ತು. ಯಂತ್ರ ಯಾವುದೂ ಕೆಡಲಿಲ್ಲ, ಹಾಗಾಗಿ ಪ್ರೋಗ್ರಾಮ್ ಉಸಿರೆತ್ತಲಿಲ್ಲ. ಹೆದರಿ ಇವಳ ತಲೆಗೆ ಕಟ್ಟಿದೆ."

"ಯಾಕೆ ಇಳಿಸೋಕೆ ಹೋದೆ?"

ಉತ್ತರಿಸಿದ್ದು ಕೈಸು.

"ನಾನೇ ಕೇಳಿದ್ದು. ಬೆಳಗ್ಗೆ ಕಾಫಿ ಕುಡೀತಾ. ಸಾಲು ಓಡಿ ಓಡಿ ತಲೆ ಸಿಡೀತಿದೆ, ಅದರ ಬಾಯಿ ಮುಚ್ಸು ಮಾರಾಯ ಅಂದೆ. ಮುಚ್ಚಿದ. ಎಷ್ಟು ಹಾಯಾಗಿತ್ತು ಗೊತ್ತಾ."

ಅವಳ ಹೆಸರನ್ನು ಆರೋಪದಿಂದ ತೆಗೆದೆ. ನೀನು ನಿರಪರಾಧಿ ಎಂದು ಹೇಳಿ, ಕಾಗದವನ್ನು ಅವಳ ಮುಂದಿಟ್ಟೆ. ಅವಳು ಓದಲಿಲ್ಲ.

"ನಾನು ಮೊದಲೇ ಹೇಳಿದ್ನಲ್ಲ ಲೆಂಪಿ," ಎಂದಳು.